ಏನೂ ನೆನಪಿಡದ ಜಿಪಿಎಸ್

ನಮ್ಮೂರಿನಲ್ಲಿ ಗಂಡ ಹೆಂಡತಿ ಜಗಳವಾಡಿದ್ದು ತಿಳಿಯಲು ಯಾರೂ ಗೋಡೆಗೆ ಕಿವಿ ಕೊಡುವುದಿಲ್ಲ. ಇಬ್ಬರೂ ಒಟ್ಟಿಗೆ ಸಂತೆಗೆ ಹೋಗಿ ಎಷ್ಟು ಹೊತ್ತಿಗೆ ವಾಪಸು ಬಂದರು ಎಂದು ನೋಡಿದರೆ ಸಾಕು. ಮನಸ್ಸಿಗೆ ಹಿಡಿದವರ ಜೊತೆ ಹೊರಟರೆ ನಮ್ಮ ದಾರಿಗಳು ಗಿಡ್ಡವಾಗುತ್ತವೆ, ಹಿಡಿಸದವರ ಜೊತೆ ಹೊರಟರೆ ಉದ್ದವಾಗುತ್ತವೆ. ಒಬ್ಬರೇ ಹೋದರೆ ದಾರಿ ದಾರಿಯಷ್ಟೇ ಇರುತ್ತದೆ. ಯಾವ ಕಾಲದಿಂದ ಹೀಗೆ ಎಂದು ನನ್ನನ್ನು ಕೇಳಬೇಡಿ. ನಾನು ಸೊಸೆಯಾಗಿ ಬಂದಾಗಲೇ ಹೀಗಿತ್ತು. ಅತ್ತೆಯ ಜೊತೆ ಮೊದಲ ದಿನ ಬೆಳಿಗ್ಗೆ ನೀರಿಗೆಂದು ಹೋದವಳು ಮನೆ ಸೇರುವಾಗ ದೀಪ ಹಚ್ಚಿದ್ದರು.

ಇದಕ್ಕೆ ಹೊಂದಿಕೊಳ್ಳುವುದು ಕಷ್ಟವೇನಲ್ಲ. ಮುನಿಸಿಕೊಂಡವರು ಹತ್ತು ಮಾರು ಅಂತರ ಬಿಟ್ಟು ಹಿಂದೆ ಮುಂದೆ ನಡೆಯುತ್ತಾರೆ. ಆಗ ದಾರಿಯ ಲೆಕ್ಕದಲ್ಲಿ ಇಬ್ಬರೂ ಒಂಟಿ, ಹೊತ್ತಿಗೆ ಸರಿಯಾಗಿ ಮನೆ ಸೇರಬಹುದು. ಪೇಟೆಯಿಂದ ಬರುವ ಬಸ್ಸು ನಮ್ಮ ಗಡಿ ಮುಟ್ಟಿದ ಮೇಲೆ ಡ್ರೈವರ್ ಕಂಡಕ್ಟರ್ ನಡುವಿನ ಸಂಬಂಧವನ್ನು ನಂಬಿಕೊಂಡಿರುತ್ತದೆ, ಹಾಗಾಗಿ ಅದರ ಟೈಮನ್ನು ಯಾರೂ ಕೇಳುವುದಿಲ್ಲ. ಮದುವೆಯಾಗದ ಗಂಡು ಹೆಣ್ಣು ಮಾತ್ರ ಒಟ್ಟಿಗೆ ನಡೆಯುವ ಪದ್ಧತಿಯೇ ಇಲ್ಲ. ಬೇಗ ಬಂದರೂ ಕಷ್ಟ, ತಡವಾಗಿ ಬಂದರೂ ಕಷ್ಟ ನೋಡಿ.

ಅವರು ಒಟ್ಟಿಗೆ ನಡೆಯುವುದು ಒಂದೇ ಸಲ, ದಾರಿಶಾಸ್ತ್ರದ ದಿನ. ಬೇರೆ ಊರಿನಲ್ಲಿ ಹೆಣ್ಣಿನ ಕೈಲಿ ಕಾಫಿ ಕೊಡಿಸಿ, ಹಾಡಿಸಿ, ಜಾತಕ ನೋಡಿ ಮದುವೆ ಮಾಡುತ್ತಾರಂತೆ. ನಮ್ಮಲ್ಲಿ ಗಂಡು ಹೆಣ್ಣನ್ನು ಊರಬಾಗಿಲಿನ ಹುಣಸೆಮರದ ಬುಡದಿಂದ ಬೋಳುಗುಂಡಿನ ತನಕ ಕಳಿಸುತ್ತೇವೆ. ಬೋಳುಗುಂಡು ಎಂದರೆ ಏರಿನ ಆಚೆಗಿರುವ ಒಂದು ದೊಡ್ಡ ಕೆಂಪು ಬಂಡೆ, ಹುಲ್ಲೆಸಳೂ ಬೆಳೆಯದ ಬಂಡೆ. ಅದನ್ನು ಮುಟ್ಟಿ ತಿರುಗಿ ಬರಬೇಕು. ಹಿರಿಯರು ಮರದ ಕೆಳಗೆ ಕೂತು ಮಂಡಕ್ಕಿ ಒಗ್ಗರಣೆ ತಿನ್ನುತ್ತಾರೆ. ತಟ್ಟೆ ಖಾಲಿಯಾಗುವಷ್ಟರಲ್ಲಿ ಜೋಡಿ ಬಂದರೆ ಸಂಬಂಧ ಕೂಡಿತು, ಎರಡನೇ ತಟ್ಟೆ ತರಿಸಬೇಕಾಯಿತೋ, ಮುರಿಯಿತು. ತಿರುಗಿ ಬಂದವರು ತೀರ್ಪು ಬರುವ ತನಕ ಹಿರಿಯರ ಮುಂದೆ ಬಾಯಿ ಬಿಡುವಂತಿಲ್ಲ, ಒಂದು ಜೋಡಿಗೆ ಎರಡನೇ ಅವಕಾಶವೂ ಇಲ್ಲ.

ಮಂಡಕ್ಕಿಯ ಅಳತೆಯಲ್ಲಿ ಎಂಥ ಮೋಸ ನಡೆಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಸಂಬಂಧ ಬೇಕಾದವರು ಒಂದೊಂದೇ ಕಾಳು ಎಣಿಸಿ ತಿನ್ನುತ್ತಾರೆ. ಬೇಡವಾದವರು ಮುಕ್ಕುತ್ತಾರೆ. ನನ್ನ ಮಗಳು ಶಶಿಕಲಾ ಎರಡು ಸಲ ಈ ತಟ್ಟೆಗೆ ಬಲಿಯಾದವಳು. ಮೊದಲನೆಯವನ ವಿಷಯ ಬಿಡಿ, ಅವನು ನಿಜವಾಗಿಯೂ ಹಿಡಿಸಿರಲಿಲ್ಲ, ಅವರು ಬರುವ ಹೊತ್ತಿಗೆ ಹಿರಿಯರು ಮೂರು ತಟ್ಟೆ ಮುಗಿಸಿ ಮಜ್ಜಿಗೆ ಕುಡಿದು ತೂಕಡಿಸುತ್ತಿದ್ದರು. ಎರಡನೆಯವನು ಒಳ್ಳೆಯ ಹುಡುಗ, ಆದರೆ ಅಂಗಾಲಿನಲ್ಲಿ ಆಣಿ. ಪಾಪ, ಕುಂಟುತ್ತಾ ಬಂದ. ಅಷ್ಟರಲ್ಲಿ ಅವನ ದೊಡ್ಡಪ್ಪ ನಾಲ್ಕೇ ತುತ್ತಿಗೆ ತಟ್ಟೆ ಬರಿದು ಮಾಡಿ ಬೆರಳು ನೆಕ್ಕುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನಮ್ಮ ತುತ್ತು ಅವರ ಬಾಯಿಗೆ ಹೋಯಿತು.

ಶಶಿಗೆ ಈಗ ಮೂವತ್ತನಾಲ್ಕು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದಾಳೆ. ಎಮ್ಮೆಗೆ ಸೂಜಿ ಚುಚ್ಚುವಾಗ ಹೆದರದವಳು ದಾರಿಶಾಸ್ತ್ರ ಎಂದರೆ ಮುಖ ತಿರುಗಿಸುತ್ತಿದ್ದಳು. ಅಂಥವಳು ಮೊನ್ನೆ ಮೊನ್ನೆ, ನಾನು ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಬಂದು ಕೂತು, "ಅಮ್ಮಾ, ಕೆಳಗೇರಿ ತಿಪ್ಪೇಶ್ ಅವರ ಮನೆಯಿಂದ ಕೇಳ್ಕೊಂಡು ಬಂದ್ರೆ ಬೇಡ ಅನ್ಬೇಡ್ರಿ" ಎಂದಳು.

"ಯಾವ ತಿಪ್ಪೇಶ? ಮೋಟಾರ್ ವೈಂಡಿಂಗ್ ಅಂಗಡಿಯವನಾ?"

"ಹೂಂ. ಆಸ್ಪತ್ರೆ ಬೋರ್‌ವೆಲ್ ಮೋಟಾರ್ ಸುಟ್ಟಾಗ ರಿಪೇರಿ ಮಾಡಿಕೊಟ್ರಲ್ಲ, ಅವ್ರೇ."

"ಆ ಮೋಟಾರ್ ವರ್ಷದಲ್ಲಿ ಐದಾರು ಸಲ ಸುಟ್ಟಿತ್ತಲ್ಲೇ."

"ಹೂಂ," ಎಂದಳು ಶಶಿ, ರೊಟ್ಟಿಯ ಹಿಟ್ಟು ನೋಡುತ್ತಾ. ಆಮೇಲೆ ದನಿ ಬದಲಾಯಿತು. "ಇದೊಂದು ಆಗ್ಲಿಲ್ಲ ಅಂದ್ರೆ ಇನ್ಯಾರ ಜೊತೆಗೂ ನನ್ನ ನಡಿಯೋಕೆ ಕಳಿಸ್ಬೇಡಿ. ನಂಗೆ ಸಾಕಾಗಿದೆ."

ರೊಟ್ಟಿ ಸೀದಿದ್ದು ಆಮೇಲೆ ಗೊತ್ತಾಯಿತು.

ನಮ್ಮ ಮನೆಯವರ ಹೆಸರು ಓಂಕಾರಪ್ಪ. ಮಂಡಿಯಲ್ಲಿ ಜೀವಮಾನವೆಲ್ಲ ಜೋಳ, ಶೇಂಗಾ ತೂಗಿದವರು. ತೂಕ ಬಿಟ್ಟರೆ ಲೋಕದಲ್ಲಿ ಮತ್ತೇನನ್ನೂ ನಂಬದವರು. ಎದೆನೋವು ಎಂದರೂ ಎಷ್ಟು ಎಂದು ಕೇಳುವ ಮನುಷ್ಯ. ಎರಡನೇ ಸಂಬಂಧ ಮುರಿದಾಗಲೇ ಅವರು ಆಣೆ ಮಾಡಿದ್ದರು, ಇನ್ನು ನನ್ನ ಮಗಳ ಹಣೆಬರಹವನ್ನು ಮಂಡಕ್ಕಿಯಲ್ಲಿ ಅಳೆಯಲು ಬಿಡುವುದಿಲ್ಲ ಎಂದು. ಕೆಳಗೇರಿಯಿಂದ ಮಾತು ಬಂದ ಕೂಡಲೇ ಪೇಟೆಗೆ ಹೊರಟರು. ಕಾಡುಮೇಡು ಅಲೆಯುವವರು ಕೈಯಲ್ಲಿ ಹಿಡಿದುಕೊಂಡು ಹೋಗುವ ಜಿಪಿಎಸ್ ಅಂತ ಒಂದಿದೆ, ಎಷ್ಟು ನಡೆದಿರಿ ಎಂದು ಕಡ್ಡಿ ಮುರಿದಂತೆ ಹೇಳುತ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಒಬ್ಬರನ್ನೇ ಕಳಿಸಿದರೆ ತೂಕದ ಯಂತ್ರ ಹೊತ್ತು ತರುತ್ತಾರೆ ಎಂದು ನಾನೂ ಜೊತೆಗೆ ಹೋದೆ.

ಟೆಂಟು, ಟಾರ್ಚು, ದುರ್ಬೀನು ಮಾರುವ ಅಂಗಡಿ. ಅಂಗಡಿಯವನು ನಗುಮುಖದವನು. ಮೊದಲು ತೆಗೆದಿಟ್ಟಿದ್ದು ಬೆರಳಿನಿಂದ ಸವರುವ ದೊಡ್ಡ ಪರದೆಯದು. ಬಣ್ಣ ಬಣ್ಣದ ಮ್ಯಾಪು, ಹಳ್ಳ ಕೊಳ್ಳ, ರಸ್ತೆ ಎಲ್ಲ ಇತ್ತು. ನಮ್ಮವರು ನಮ್ಮೂರಿನ ಕಡೆ ಬೆರಳು ಸರಿಸಿದರು. ಅಲ್ಲಿ ಏನೂ ಇರಲಿಲ್ಲ, ಹಪ್ಪಳದ ಹಾಗೆ ಬೋಳು ಬಿಳುಪು. ಅಂಗಡಿಯವನು ಪೆಚ್ಚಾಗಿ ಅಪ್‌ಡೇಟ್, ಅದು ಇದು ಎಂದ. ನಮ್ಮವರು, "ಇರ್ಲಿ ಬಿಡಪ್ಪಾ, ಊರು ಎಲ್ಲಿದೆ ಅಂತ ನಮಗೆ ಗೊತ್ತಿದೆ. ಬಿಸಿಲಲ್ಲಿ ಅಕ್ಷರ ಕಾಣ್ತವಾ?" ಎಂದು ಅದನ್ನು ಬಾಗಿಲಿಗೆ ಒಯ್ದರು. ಬಿಸಿಲಿಗೆ ಹಿಡಿದರೆ ಅವರದೇ ಮೀಸೆ ಕಂಡಿತು. ಅದು ಬೇಡವಾಯಿತು.

ಎರಡನೆಯದಕ್ಕೆ ಗುಂಡಿಗಳಿದ್ದವು. ಮಳೆಯಲ್ಲಿ ನೆನೆಯಲಿ, ಕೈಜಾರಿ ಕಲ್ಲಿನ ಮೇಲೆ ಬೀಳಲಿ, ಏನೂ ಆಗದಂತೆ. ಅಂಗೈಗೆ ಸರಿಯಾಗಿ ಕೂರುತ್ತಿತ್ತು, ಬಿಸಿಲಲ್ಲೂ ಚೆನ್ನಾಗಿ ಕಾಣುತ್ತಿತ್ತು. ನಮ್ಮವರ ಕಣ್ಣು ಅರಳಿತು. ಅಂಗಡಿಯವನಿಗೆ ಉಮೇದು ಬಂತು. "ಸಾರ್, ಇದರ ವಿಶೇಷ ಏನಂದ್ರೆ ಇದು ಏನನ್ನೂ ಮರೆಯಲ್ಲ. ನೀವು ಯಾವ ದಿನ, ಯಾವ ದಾರೀಲಿ ಹೋದ್ರಿ, ಎಲ್ಲಿ ನಿಂತ್ರಿ, ಎಲ್ಲಿ ತಿರುಗಿದ್ರಿ, ಎಲ್ಲಾ ಗೆರೆ ಎಳೆದು ಇಟ್ಕೊಂಡಿರುತ್ತೆ. ಇನ್ನೂರು ದಾರಿ ನೆನಪಿಡುತ್ತೆ ಸಾರ್!"

ನಮ್ಮವರು ಕಾದ ಬಾಣಲೆ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಯಾಕೆ ಸಾರ್?"

"ಇನ್ನೂರು ಮನೆ ಮುರಿಯೋ ಸಾಮಾನು ಇದು. ನಮ್ಮೂರಿಗೆ ಬೇಡಪ್ಪ. ಯಾರು ಯಾರ ಜೊತೆ ಎಷ್ಟು ದೂರ ನಡೆದ್ರು ಅನ್ನೋದು ನಾಳೆಗೆ ಉಳೀಬಾರದು. ಏನೂ ನೆನಪಿಡದೇ ಇರೋದು ಇದ್ರೆ ತೋರ್ಸು."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಹೌದು ಎಂದು ತಲೆಯಾಡಿಸಿದೆ. ಸುಳ್ಳೇಕೆ ಹೇಳಲಿ, ನನಗೂ ಅದೇ ಬೇಕಿತ್ತು. ನಾದಿನಿಯ ಜೊತೆ ನಾನು ನಡೆದ ದಾರಿಗಳ ಲೆಕ್ಕ ಯಾವುದಾದರೂ ಪೆಟ್ಟಿಗೆಯಲ್ಲಿ ಉಳಿದರೆ ನಾನು ಹಬ್ಬಕ್ಕೆ ಆ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗಲಿ? ಕೊನೆಗೆ ಅವನು ಸ್ಟೂಲು ಹತ್ತಿ, ಅಟ್ಟದಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದ. ಹಳೆಯ ಮಾಡೆಲ್ಲು. ಮ್ಯಾಪಿಲ್ಲ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಒಂದು ಬಾಣದ ಗುರುತು, ಕೆಳಗೆ ಎಷ್ಟು ಕಿಲೋಮೀಟರ್ ಎಂಬ ಒಂದು ಅಂಕಿ. ಆಫ್ ಮಾಡಿದರೆ ಅದೂ ಅಳಿಸಿಹೋಗುತ್ತದೆ. "ಇದನ್ನ ಯಾರೂ ಕೇಳಲ್ಲ ಸಾರ್" ಎಂದ. ನಮ್ಮವರು ಅದನ್ನು ಪಂಚೆಯ ತುದಿಯಲ್ಲಿ ಒರೆಸಿ ಎದೆಗೊತ್ತಿಕೊಂಡರು.

ಊರಿಗೆ ಬಂದು ಪರೀಕ್ಷೆಗೆ ಕೂತೆವು. ಮೊದಲು ಅವರೊಬ್ಬರೇ ಬೋಳುಗುಂಡಿನ ತನಕ ಹೋಗಿ ಬಂದರು. ಎರಡು ಕಿಲೋಮೀಟರ್. ಅದು ದಾರಿಯ ಅಸಲು ಉದ್ದ. ಆಮೇಲೆ ನನ್ನನ್ನು ಕರೆದುಕೊಂಡು ಹೋದರು. ತಿರುಗಿ ಬಂದು ನೋಡಿದರೆ ಎರಡೂವರೆ. ಅವರ ಮುಖ ಇಳಿದುಹೋಯಿತು. ಸೆಲ್ ತೆಗೆದು ಉಜ್ಜಿದರು, ಮತ್ತೆ ಹಾಕಿದರು, ಆಕಾಶ ನೋಡಿದರು.

"ಸೆಲ್ ವೀಕು ಇರ್ಬೇಕು" ಎಂದರು.

"ಸೆಲ್ ಸರಿಯಾಗೇ ಇದೆ ಕಣ್ರೀ. ಇಷ್ಟು ವರ್ಷ ಸಂಸಾರ ಮಾಡಿ ಅರ್ಧ ಕಿಲೋಮೀಟರ್ ಹೆಚ್ಚಾಗಿದೆ ಅಂದ್ರೆ ನಾವು ಚೆನ್ನಾಗಿದೀವಿ ಅಂತ್ಲೇ ಅರ್ಥ. ದಿನಾ ಕಚ್ಚಾಡೋ ಮೇಲ್ಮನೆಯವರಿಗೆ ಕೊಟ್ಟು ನೋಡಿ, ಸೆಲ್ಲೇ ಸಾಲಲ್ಲ" ಎಂದೆ.

ಅವರಿಗೆ ಸಮಾಧಾನವಾಗಲಿಲ್ಲ. ಮಾರನೆಯ ದಿನ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಬಂದು, ದಾರಿಯುದ್ದಕ್ಕೂ ನನಗೆ ಒಂದೊಂದೇ ಕೊಡುತ್ತಾ, ಮಧ್ಯೆ ಮಧ್ಯೆ ಪೆಟ್ಟಿಗೆ ಇಣುಕುತ್ತಾ ನಡೆದರು. ನನಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೋ ಬಿಸ್ಕತ್ತಿಗೋ, ಎರಡಕ್ಕಿಂತ ಚೂರು ಕಡಿಮೆ ಬಂತು. ಆ ಮನುಷ್ಯ ಅದನ್ನು ಆಫ್ ಮಾಡಲೊಲ್ಲದೆ ಸಂಜೆಯ ತನಕ ಆನ್ ಮಾಡಿಯೇ ಇಟ್ಟುಕೊಂಡು ಓಡಾಡಿದರು. ಈ ವಯಸ್ಸಿನಲ್ಲಿ ಅವರ ಮೇಲೆ ನನಗೆ ಅಷ್ಟು ಮಮತೆ ಬಂದದ್ದು ನಿಜ, ಅವರಿಗೆ ಹೇಳಲಿಲ್ಲ ಅಷ್ಟೆ.

ತಿಪ್ಪೇಶನ ಕಡೆಯ ಯಜಮಾನಿಕೆ ಅವನ ಸೋದರಮಾವ ಹಾಲಪ್ಪನವರದು. ತಂದೆಯಿಲ್ಲದ ಹುಡುಗ, ತಾಯಿ ಶಾಂತವೀರಮ್ಮ ಹೆಚ್ಚು ಮಾತಿನವರಲ್ಲ. ಹಾಲಪ್ಪನವರು ಶಾಸ್ತ್ರದಲ್ಲಿ ಕೂದಲು ಸೀಳುವವರು, ಜಿಪಿಎಸ್ ಎಂದಾಗ ಹುಬ್ಬು ಗಂಟಿಕ್ಕಿದರು. ಆದರೆ ಎಷ್ಟೋ ದಾರಿಶಾಸ್ತ್ರಗಳಲ್ಲಿ ಅವರು ಬೇಗ ತಿಂದರು, ನಿಧಾನ ತಿಂದರು ಎಂದು ಜನ ಆಡಿಕೊಂಡಿದ್ದು ಅವರಿಗೂ ಸಾಕಾಗಿತ್ತು. "ಆಗ್ಲಿ ಓಂಕಾರಪ್ಪನೋರೇ. ಎರಡರ ಒಳಗೆ ಬಂದ್ರೆ ಮದುವೆ, ಎರಡು ದಾಟಿದ್ರೆ ನಾವು ನಾವೇ, ನೀವು ನೀವೇ. ಆಮೇಲೆ ಯಾರೂ ತಕರಾರು ಎತ್ತಬಾರದು" ಎಂದರು. ನಮ್ಮವರು ಕೈಮೇಲೆ ಕೈ ಹೊಡೆದು ಒಪ್ಪಿಕೊಂಡರು. ಮಂಡಕ್ಕಿ ಮಾತ್ರ ಇರಲಿ, ಅಳತೆಗಲ್ಲ, ಹಸಿವಿಗೆ ಎಂದು ತೀರ್ಮಾನವಾಯಿತು.

ಆ ದಿನ ಶಶಿ ಹಸಿರು ಸೀರೆ ಉಟ್ಟಿದ್ದಳು. ನಮ್ಮವರು ಹೊಸ ಸೆಲ್ ಹಾಕಿ, ಪೆಟ್ಟಿಗೆಯನ್ನು ಬಟ್ಟೆಯ ಚೀಲದಲ್ಲಿಟ್ಟು ದಾರ ಬಿಗಿದು ಅವಳ ಕೈಗೆ ಕೊಟ್ಟರು, ದಾರಿಯಲ್ಲಿ ಇಣುಕಿ ನೋಡಬಾರದೆಂದು. ತಿಪ್ಪೇಶ ಗಟ್ಟಿಮುಟ್ಟಾದ ಆಳು, ಹೊಸ ಅಂಗಿಯ ಕಾಲರಿನೊಳಗೆ ಕುತ್ತಿಗೆ ತಿರುಗಿಸಲಾಗದೆ ಒದ್ದಾಡುತ್ತಿದ್ದ. ಇಬ್ಬರೂ ಹೊರಟರು. ಲಂಟಾನ ಪೊದೆಯ ತಿರುವು ದಾಟಿ ಮರೆಯಾದರು.

ನಾವು ಕೂತೆವು. ಒಂದು ತಟ್ಟೆ ಮುಗಿಯಿತು. ಜೋಡಿ ಬರಲಿಲ್ಲ. ಹಾಲಪ್ಪನವರು, "ಮಂಡಕ್ಕಿ ಲೆಕ್ಕಕ್ಕಿಲ್ಲ, ತಿನ್ನಿ ತಿನ್ನಿ" ಎಂದರು. ಎರಡನೆಯದೂ ಮುಗಿಯಿತು. ನಮ್ಮವರು ತಿರುವನ್ನೇ ನೋಡುತ್ತಾ ಒಂದು ಮೆಣಸಿನಕಾಯಿಯನ್ನು ತಿಳಿಯದೆ ಇಡಿಯಾಗಿ ಅಗಿದು ಕಣ್ಣಲ್ಲಿ ನೀರು ತಂದುಕೊಂಡರು. ಹುಣಸೆಮರದ ನೆರಳು ಸರಿದು ನಮ್ಮನ್ನು ಬಿಸಿಲಿಗೆ ಬಿಟ್ಟಿತು. ನಾವೂ ಸರಿದು ಕೂತೆವು. ನನ್ನ ಮಗಳು ಎಲ್ಲೋ ಏರಿನ ಆಚೆ ಮುಗಿಯದ ದಾರಿಯಲ್ಲಿ, ತಾನು ಬಯಸಿದವನ ಪಕ್ಕದಲ್ಲೇ, ಕಾಲೆಳೆಯುತ್ತಾ ಬರುತ್ತಿದ್ದಾಳೆ ಎಂದು ನೆನೆದು ನಾನು ನನ್ನ ತಟ್ಟೆ ಪಕ್ಕಕ್ಕೆ ಸರಿಸಿದೆ.

ಕೊನೆಗೂ ಬಂದರು. ಸೀರೆಗೆ ಅಂಚಿನಿಂದ ಮೊಣಕಾಲಿನ ತನಕ ಧೂಳು. ತಿಪ್ಪೇಶನ ಅಂಗಿ ಬೆನ್ನಿಗೆ ಅಂಟಿತ್ತು. ಶಶಿ ಚೀಲವನ್ನು ಅಪ್ಪನ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಂತಳು. ನಮ್ಮವರು ದಾರ ಬಿಚ್ಚಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಆಮೇಲೆ ಹಾಲಪ್ಪನವರಿಗೆ ಕೊಟ್ಟರು.

"ಹದಿನಾಲ್ಕು" ಎಂದರು ಹಾಲಪ್ಪನವರು.

ಆಸ್ತಿಗಾಗಿ ಕೋರ್ಟು ಹತ್ತಿದ ನಮ್ಮೂರಿನ ಅಣ್ಣತಮ್ಮಂದಿರಿಬ್ಬರು ಹಟಕ್ಕೆ ಬಿದ್ದು ಇದೇ ಪೆಟ್ಟಿಗೆಯನ್ನು ನಮ್ಮಿಂದ ಕೇಳಿ ಪಡೆದು ನಡೆದಾಗ ಹನ್ನೊಂದು ಬಂದಿತ್ತು. ಅದೇ ಊರಿಗೆ ದೊಡ್ಡದು ಎಂದುಕೊಂಡಿದ್ದೆವು. ಶಾಂತವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹಾಲಪ್ಪನವರು ಕೈ ಝಾಡಿಸಿ ಎದ್ದರು. ಅವರಿಗೂ ಬೇಸರವಾಗಿತ್ತು, ಇಲ್ಲ ಎನ್ನಲಾರೆ. "ಆಯ್ತು, ಋಣ ಇಲ್ಲ. ಮಾತು ಕೊಟ್ಟಿದೀವಿ, ತಕರಾರು ಬೇಡ."

ತೀರ್ಪು ಬಂದಿತ್ತು. ಇನ್ನು ಬಾಯಿ ಬಿಡಬಹುದಿತ್ತು, ಆದರೆ ನನ್ನ ಮಗಳು ನೆಲ ನೋಡುತ್ತಲೇ ನಿಂತಿದ್ದಳು. ನಾನು ನಮ್ಮವರ ತೋಳು ಹಿಡಿದೆ.

"ಅವಳನ್ನ ಕೇಳ್ರೀ."

"ಕೇಳೋದೇನಿದೆ? ಯಂತ್ರ ಸುಳ್ಳು ಹೇಳಲ್ಲ" ಎಂದರು. ಅವರ ದನಿ ಒಡೆದಿತ್ತು.

"ಎಷ್ಟು ಅಂತ ಹೇಳ್ತು. ಯಾಕೆ ಅಂತ ಹೇಳ್ತಾ?" ಎಂದು ನಾನೇ ಶಶಿಯ ಹತ್ತಿರ ಹೋಗಿ ಅವಳ ಗಲ್ಲ ಎತ್ತಿದೆ. ಅಳುವ ಮುಖವೇನೋ ಹೌದು. ಆದರೆ ಮೊದಲನೆಯವನ ಜೊತೆ ನಡೆದು ಬಂದ ದಿನದ ಸುಸ್ತು ಅದರಲ್ಲಿ ಇರಲಿಲ್ಲ. ನನಗೆ ಏನೋ ಹೊಳೆಯಿತು. "ಬೋಳುಗುಂಡನ್ನ ಎಷ್ಟು ಸಲ ಮುಟ್ಟಿದ್ರೇ?"

"ಎಣಿಸ್ಲಿಲ್ಲಮ್ಮ" ಎಂದಳು.

ತಿಪ್ಪೇಶ ಕಾಲರಿನೊಳಗೆ ಕೆಂಪಾದ. ಶಶಿ ತಡವರಿಸುತ್ತಾ, ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾರದೆ ಹೇಳಿದಳು. "ಮಾತು ಶುರು ಮಾಡೋ ಅಷ್ಟರಲ್ಲಿ ಗುಂಡು ಬಂದ್ಬಿಡ್ತು. ಮುಟ್ಟಿ ತಿರುಗಿದ್ರೆ ಲಂಟಾನ ತಿರುವು ಬಂತು. ಅವರು ಅವರ ಅಪ್ಪನ ವಿಷಯ ಹೇಳ್ತಾ ಇದ್ರು, ಅರ್ಧ ಆಗಿತ್ತು. ಇನ್ನೊಂದ್ಸಲ ಹೋಗಿ ಬರೋಣ್ವಾ ಅಂದ್ರು. ಹೋದ್ವಿ. ಅದೂ ಹಂಗೇ ಮುಗೀತು. ಆಮೇಲೆ ನಾನು ಹೇಳೋದಿತ್ತು. ಮತ್ತೆ ಹೋದ್ವಿ, ಮತ್ತೆ ಹೋದ್ವಿ. ಕೈಯಲ್ಲಿ ಪೆಟ್ಟಿಗೆ ಇರೋದೇ ಮರೆತುಹೋಯ್ತು. ದಾರಿ ಸಾಕಾಗ್ಲೇ ಇಲ್ಲಮ್ಮ."

ಹಾಲಪ್ಪನವರು ನಿಂತಲ್ಲೇ ನಿಂತರು. "ಇದಕ್ಕೆ ಸಾಕ್ಷಿ?" ಎಂದರು. "ಪೆಟ್ಟಿಗೆ ತೋರಿಸ್ತದಾ?"

ಎಲ್ಲರೂ ನಮ್ಮವರ ಕಡೆ ನೋಡಿದರು. ಅಂಗಡಿಯವನ ಎರಡನೇ ಪೆಟ್ಟಿಗೆ ಇದ್ದಿದ್ದರೆ ಅದು ಹೋದ ಗೆರೆ ಬಂದ ಗೆರೆ ಎಲ್ಲ ಎಳೆದು ತೋರಿಸುತ್ತಿತ್ತು. ನಮ್ಮದರಲ್ಲಿ ಬಾಣ ಒಂದು, ಹದಿನಾಲ್ಕು ಎಂಬ ಅಂಕಿ ಒಂದು. ನಾವೇ ಕೇಳಿ ತಂದದ್ದು. ನಮ್ಮವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಆಮೇಲೆ ಹಿಂದಿನ ಮುಚ್ಚಳ ತೆಗೆದು ಎರಡೂ ಸೆಲ್ ಉದುರಿಸಿ ಜೇಬಿಗೆ ಹಾಕಿಕೊಂಡರು.

"ಮಂಡಿಯಲ್ಲಿ ಜೀವಮಾನ ತೂಗಿದೀನಿ ಹಾಲಪ್ಪನೋರೇ. ನನ್ನ ಮಗಳು ಹೇಳಿದ್ದನ್ನ ಮಾತ್ರ ಇವತ್ತಿನವರೆಗೆ ತೂಗಿಲ್ಲ. ತೂಗೋದೂ ಇಲ್ಲ. ಅವಳು ಹೇಳಿದ್ದು ನಿಜ."

ನಾನು ಆ ಮನುಷ್ಯನನ್ನು ಕಟ್ಟಿಕೊಂಡಿದ್ದು ಸಾರ್ಥಕವಾಯಿತು ಎನ್ನಿಸಿತು. ಆದರೆ ಹಾಲಪ್ಪನವರು ಶಾಸ್ತ್ರದ ಮನುಷ್ಯ. "ನಿಮ್ಮ ಮಗಳ ಮೇಲೆ ನಿಮಗೆ ನಂಬಿಕೆ, ಸರಿ. ನಾಳೆ ಊರವರಿಗೆ ನಾನೇನು ಹೇಳ್ಲಿ? ಇನ್ನೊಂದ್ಸಲ ಕಳಿಸೋಣ ಅಂದ್ರೆ ಒಂದು ಜೋಡಿಗೆ ಒಂದೇ ಸಲ" ಎಂದು ತಲೆ ಕೆರೆದುಕೊಂಡರು. ಕಳಿಸಬೇಕೆಂಬ ಆಸೆ ಅವರಿಗೂ ಇತ್ತು, ದಾರಿ ಕಾಣಲಿಲ್ಲ.

ಆಗ ಶಾಂತವೀರಮ್ಮ ಬಾಯಿಂದ ಸೆರಗು ತೆಗೆದರು. "ಅಣ್ಣಾ, ನಾನೊಂದು ಮಾತು ಹೇಳ್ಲಾ? ಇವನು ಬೆಳಗೆದ್ದು ಅಂಗಡಿಗೆ ಹೋದ್ರೆ ಕತ್ತಲಾದ ಮೇಲೇ ಬರೋನು. ಹೆಂಡ್ತಿ ಜೊತೆ ಇರೋದು ಉಣ್ಣೋ ಹೊತ್ತಿಗೆ, ಮಲಗೋ ಹೊತ್ತಿಗೆ. ದಿನಾ ಅವಳ ಜೊತೆ ಏಗೋಳು ನಾನು. ಹಂಗಾದ್ರೆ ನಡೆದು ನೋಡ್ಬೇಕಾದೋಳು ಯಾರು? ಅತ್ತೆ ಸೊಸೆ ನಡೀಬಾರ್ದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ನಮ್ಮದು ಬೇರೇನೇ ಜೋಡಿ."

ಮರದ ಕೆಳಗಿದ್ದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾವೆಲ್ಲ ಗಂಡನ ಜೊತೆ ಬೋಳುಗುಂಡಿಗೆ ನಡೆದು, ಅತ್ತೆಯ ಜೊತೆ ಬದುಕಿದವರೇ. ಇಷ್ಟು ಕಾಲ ಇದು ಯಾರ ತಲೆಗೂ ಹೊಳೆದಿರಲಿಲ್ಲ.

"ಬಾ ತಾಯಿ" ಎಂದು ಶಾಂತವೀರಮ್ಮ ಶಶಿಯ ಕೈ ಹಿಡಿದರು. ಚಪ್ಪಲಿಯನ್ನು ಮರದ ಬುಡದಲ್ಲೇ ಬಿಟ್ಟು ಹೊರಟರು. ಅವರಿಗೆ ಮಂಡಿನೋವು, ಒಂದು ಪಕ್ಕಕ್ಕೆ ವಾಲಿ ನಡೆಯುತ್ತಾರೆ. ಶಶಿ ಅವರ ಹೆಜ್ಜೆಗೆ ಹೆಜ್ಜೆ ಹಾಕಿದಳು. ಲಂಟಾನ ತಿರುವಿನಲ್ಲಿ ಇಬ್ಬರೂ ಮರೆಯಾದರು. ನನ್ನ ಅತ್ತೆಯ ಜೊತೆ ನೀರಿಗೆ ಹೋದ ಆ ದಿನವೆಲ್ಲ ಕಣ್ಣ ಮುಂದೆ ಬಂತು. ದೇವರೇ, ಇವಳಿಗೆ ಹಾಗಾಗದಿರಲಿ ಎಂದುಕೊಂಡು ಕಣ್ಣು ಮುಚ್ಚಿದೆ.

ಕಣ್ಣು ತೆರೆಯುವಷ್ಟರಲ್ಲಿ ತಿರುವಿನ ಆಚೆಯಿಂದ ನಗು ಕೇಳಿಸಿತು. ಮಾತು ಕಡಿಮೆಯ ಶಾಂತವೀರಮ್ಮ ಬಾಯ್ತುಂಬ ನಗುತ್ತಿದ್ದರು. ಆ ನಗುವಿನ ಹಿಂದೆಯೇ ಇಬ್ಬರೂ ಬಂದರು, ಶಶಿಯ ಕೈಯಲ್ಲಿ ಇನ್ನೂ ಅವರ ಕೈ ಇತ್ತು.

"ಬೋಳುಗುಂಡಿನ ತನಕ ಹೋಗ್ಲೇ ಇಲ್ಲ ಅಲ್ವಾ ನೀವು? ಅರ್ಧದಿಂದ್ಲೇ ತಿರುಗಿದ್ರಾ?" ಎಂದರು ಹಾಲಪ್ಪನವರು.

ಶಾಂತವೀರಮ್ಮ ಅಂಗೈ ಬಿಡಿಸಿ ತೋರಿಸಿದರು. ಅದರ ತುಂಬ ಗುಂಡಿನ ಕೆಂಪು ಧೂಳು ಹತ್ತಿತ್ತು. "ಮುಟ್ಟಿ ಬಂದ್ವಿ ಕಣಣ್ಣಾ. ನನ್ನ ಮಾತೂ ಮುಗಿದಿಲ್ಲ" ಎಂದು ಅವರು ಶಶಿಯನ್ನು ಎಳೆದುಕೊಂಡು ಮತ್ತೆ ತಿರುವಿನ ಕಡೆ ನಡೆದರು.